ಬಳಚಿನ ಮೊಟ್ಟೆ

ಹೊಳೆಯ ಬಾಯಲ್ಲಿ ಬಳಚು ಎಂಬ ಚಿಪ್ಪುಜೀವಿಗಳು ಮರಿ ಮಾಡುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಚಿಪ್ಪಿನೊಳಗೆ ಹೊಕ್ಕ ಹುಳ ಹೆಣ್ಣುಗಳ ಮೊಟ್ಟೆಯನ್ನೆಲ್ಲ ತಿಂದು ಮುಗಿಸುತ್ತಿತ್ತು. ಹಾಗಾಗಿ ದಂಡೆಯ ಪ್ರತಿ ಮನೆಯ ಜಗಲಿಯಲ್ಲೂ ಒಂದು ಸೂಕ್ಷ್ಮದರ್ಶಕವಿತ್ತು. ದಿನವೂ ನೀರಿನ ಇಳಿತದ ಹೊತ್ತಿಗೆ ನಾಲ್ಕು ಬಳಚು ಹೆಕ್ಕಿ ತಂದು, ಬಾಯಿ ಬಿಡಿಸಿ, ಒಳಗಿನ ರಸದ ಒಂದೊಂದು ಹನಿಯನ್ನು ಗಾಜಿನ ಮೇಲಿಟ್ಟು ಹುಳವಿದೆಯೇ, ಮೊಟ್ಟೆಯಿದೆಯೇ ಎಂದು ನೋಡುವುದು ಅಂಗಳ ಗುಡಿಸಿದಷ್ಟೇ ರೂಢಿಯ ಕೆಲಸವಾಗಿತ್ತು.

ಅಂದು ನೋಡುತ್ತಿದ್ದಂತೆ ಮಾದೇವಿಯ ಕೈ ನಿಂತಿತು. ದುಂಡನೆಯ ಮೊಟ್ಟೆಗಳು, ನೂರಾರು! ಆದರೆ ಅಂಚಿನಲ್ಲಿ ಬಾಲ ಆಡಿಸುತ್ತ ಹುಳವೂ ಇತ್ತು.

"ಅತ್ತೆ, ಮೊಟ್ಟೆ ಉಂಟು. ಹುಳನೂ ಉಂಟು."

ಅರವತ್ತು ವರ್ಷ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕಿದ್ದ ಅತ್ತೆ ಹೊನ್ನಮ್ಮನ ಮುಖ ಒಮ್ಮೆ ಅರಳಿ ಬಾಡಿತು. "ಹುಳ ಇದ್ರೆ ಕುದಿನೀರಿಗೇ ಹಾಕ್ಬೇಕಲ್ಲೇ. ಊರ ಕಟ್ಟಳೆ."

"ಬಳಚನ್ನ ಹಾಕ್ತೇನೆ. ಮೊಟ್ಟೆ ಎಂತ ತಪ್ಪು ಮಾಡಿದ್ದು?"

ಮಾದೇವಿ ಉಸಿರು ಬಿಗಿಹಿಡಿದು, ಹುಳ ಇನ್ನೂ ಮುಟ್ಟದ ಮೂಲೆಯಿಂದ ಮೊಟ್ಟೆಗಳನ್ನು ಸಣ್ಣ ನಳಿಕೆಯಲ್ಲಿ ಹೀರಿಕೊಂಡಳು. ಶುದ್ಧ ಉಪ್ಪುನೀರಿನಲ್ಲಿ ಮೂರು ಸಲ ತೊಳೆದಳು. ಹುಳದ ಕಾಟವಿಲ್ಲದ ಗಂಡು ಬಳಚೊಂದರ ಹಾಲಿನಂಥ ವೀರ್ಯದ ಹನಿ ಬೆರೆಸಿದಳು. ತಾಯಿ ಬಳಚನ್ನು ಮಾತ್ರ ಕುದಿನೀರಿಗೆ ಬಿಟ್ಟಳು.

ಗಂಟೆ ಕಳೆಯಿತು. ಇಬ್ಬರೂ ಗಂಜಿ ಮುಟ್ಟಲಿಲ್ಲ. ಮಾದೇವಿ ಆ ನೀರಿನ ಹನಿಯೊಂದನ್ನು ಗಾಜಿನ ಮೇಲಿಟ್ಟು ಇಣುಕಿ, "ನೀವೇ ನೋಡಿ" ಎಂದು ಅತ್ತೆಯನ್ನು ಮಣೆಯ ಮೇಲೆ ಕೂರಿಸಿದಳು.

ಹೊನ್ನಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಜೀವ ಹಿಡಿದ ಮೊಟ್ಟೆಯೊಂದು ನಡುವೆ ಗೆರೆ ಬಿದ್ದು ಸೀಳುತ್ತಿತ್ತು. ಆಮೇಲೆ ತೊಟ್ಟಿಲ ಕೂಸು ಎದ್ದುಬಿಟ್ಟೀತೆಂದು ಹೆದರಿದವಳ ಹಾಗೆ ಪಿಸುಗುಟ್ಟಿದಳು: "ಹೌದೇ... ಒಂದಿದ್ದದ್ದು ಎರಡಾಯ್ತು."