ಕಣಜದ ಬಿಸಿಲು

ಸೂರ್ಯನಾರಾಯಣನ ಬಿಸಿಲೆಲ್ಲ ಉಳ್ಳವರ ಕಣಜ ಸೇರಿ ಎಷ್ಟೋ ವರ್ಷವಾಗಿತ್ತು. ಕಣಜದೊಳಗೆ ಬಿಸಿಲು ಮರಿ ಹಾಕಿ ಬೆಳೆಯುತ್ತಿತ್ತು. ಬೆಳೆದದ್ದರಲ್ಲಿ ಒಂದು ಪಾಲನ್ನು ಸರ್ಕಾರ ತೆರಿಗೆಯಾಗಿ ತೆಗೆದು, ಬೆಳಗಿನ ಹೊತ್ತು ಊರ ಮೇಲೆ ಬಿಡುತ್ತಿತ್ತು. ಹಸುಗೂಸುಗಳ ಕಾಮಾಲೆಗೆ ಊರು ನಂಬಿದ ಮದ್ದು ಆ ಎಳೆಬಿಸಿಲೇ. ನೀಲವ್ವ ಲಾಂದ್ರವನ್ನು ಪಕ್ಕದಲ್ಲಿಟ್ಟು, ಮೊಮ್ಮಗಳಿಗೆ ಎಣ್ಣೆ ಹಚ್ಚಿ, ಹನುಮಪ್ಪನ ಗುಡಿಕಟ್ಟೆಯ ಮೇಲೆ ಕಾಯುತ್ತಿದ್ದಳು. ಕೂಸಿನ ಮುಖದ ಹಳದಿ ನಿನ್ನೆಯೇ ಹೊಟ್ಟೆಯವರೆಗೆ ಹಬ್ಬಿತ್ತು. ಅದು ಅಂಗಾಲು ಮುಟ್ಟಿದರೆ ಕೂಸು ಉಳಿಯದೆಂದು ಊರಿನವರು ಹೇಳುತ್ತಿದ್ದರು.

ತಳವಾರ ಫಕೀರಪ್ಪ ಬಂದು ತಲೆ ತಗ್ಗಿಸಿ ನಿಂತ. “ಇವತ್ತು ಬಿಸಿಲು ಬರೂದಿಲ್ಲ ಯವ್ವಾ. ಸಾವಕಾರ್ರು ಕೋರ್ಟಿಗೆ ಹೋಗಿ ಸ್ಟೇ ತಂದಾರ.”

“ಏನಂತ ತಮ್ಮಾ?”

“ಬಿಸಿಲು ಬೆಳದದ್ದು ಖರೆ, ಆದ್ರ ಕಣಜದಿಂದ ಇನ್ನೂ ಹೊರಗ ತಗದಿಲ್ಲ. ತಗೀಲಾರದ ಬಿಸಿಲಿಗೆ ತೆರಿಗಿ ಹ್ಯಾಂಗ ಅಂತ. ಮುಂದಿನ ವಿಚಾರಣಿ ದೀಪಾವಳಿ ಆದಮ್ಯಾಲ.”

“ಅಷ್ಟು ಬಿಸಿಲು ಇಟ್ಕೊಂಡು ಹಪ್ಪಳ ಒಣಗಸ್ತಾರೇನು?”

ಫಕೀರಪ್ಪ ಮುಂದಿನ ಓಣಿಗೆ ಸುದ್ದಿ ಹೇಳಲು ಹೊರಟ.

ನೀಲವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಲಾಂದ್ರ ಹಿಡಿದು, ಗುಡ್ಡದ ಮೇಲಿನ ಕಣಜಕ್ಕೆ ನಡೆದಳು. ಕಾವಲುಗಾರ ತಡೆಯಲಿಲ್ಲ. ಗೋಡೆ ಮುಟ್ಟಬಾರದೆಂದು ಯಾವ ಕೋರ್ಟೂ ಹೇಳಿರಲಿಲ್ಲ. ಗೋಡೆ ಬಾಣಂತಿ ಕೋಣೆಯ ಹಾಗೆ ಬೆಚ್ಚಗಿತ್ತು. ಅದಕ್ಕೆ ಕೂಸಿನ ಬೆನ್ನು ತಾಗಿಸಿ ಕಣ್ಣು ಮುಚ್ಚಿದಳು.

“ಸ್ವಾಮಿ, ಒಳಗಿರೂದು ನೀ ಕೊಟ್ಟದ್ದ. ಒಂದೀಟು ಈಕಡೆ ನೋಡು.”

ಕೂಸು ಅಳು ನಿಲ್ಲಿಸಿ ನಿದ್ದೆ ಹೋಯಿತು. ಗೋಡೆ ಕಾವನ್ನಷ್ಟೇ ಬಿಡುತ್ತಿತ್ತು, ಬೆಳಕನ್ನಲ್ಲ. ಬಹಳ ಹೊತ್ತಿನ ಮೇಲೆ ನೀಲವ್ವ ಲಾಂದ್ರ ಎತ್ತಿ ನೋಡಿದಳು. ಹಳದಿ ಅಂಗಾಲನ್ನೂ ಮುಟ್ಟಿತ್ತು.