ಊರ್ಮಿಳೆಯ ಬೀಸಣಿಗೆ

ಅಳತೆಪಟ್ಟಿ ಇಟ್ಟು ನೋಡಿದ ಕೂಡಲೇ ಅತ್ತಿಗೆಯ ಕೈ ನಿಂತಿತು. ಬೀಸಣಿಗೆಯ ಮಡಿಕೆ ಸರಿಯಾಗಿ ಚಿತ್ರದ ಊರ್ಮಿಳೆಯ ಕಣ್ಣಿನ ಮೇಲೇ ಬೀಳುತ್ತಿತ್ತು.

"ಗೆರೆ ಹಾಕ್ಕೊಳ್ದೇ ಚಿತ್ರ ಬರೆದ್ಯಾ?"

ಕುಂಚ ತೊಳೆಯುತ್ತಿದ್ದ ನಾದಿನಿ ಹಾಗೇ ತಿರುಗಿದಳು. ಚಿತ್ರ ಅವಳದು, ಬೀಸಣಿಗೆ ಕಟ್ಟುವುದು ಅತ್ತಿಗೆ. ಇಬ್ಬರ ನಡುವೆ ಇದ್ದದ್ದು ಒಂದೇ ನಿಯಮ: ಮೊದಲು ಕಾಗದಕ್ಕೆ ಮಡಿಕೆಯ ಗೆರೆ, ಆಮೇಲೆ ಬಣ್ಣ, ಮುಖ ಯಾವತ್ತೂ ಎರಡು ಗೆರೆಗಳ ಮಧ್ಯೆ. ಕಣ್ಣಿನ ಮೇಲೆ ಮಡಿಕೆ ಬಿದ್ದರೆ ನಾಲ್ಕು ಸಲ ಬೀಸಿಕೊಳ್ಳುವಷ್ಟರಲ್ಲಿ ಬಣ್ಣ ಎದ್ದುಹೋಗುತ್ತದೆ. ಜಟಾಯು, ಗಂಗೆ, ಅಹಲ್ಯೆ ಎಲ್ಲರೂ ಹಾಗೇ ಪಾರಾಗಿ, ಕಡ್ಡಿ ಕಟ್ಟಿಸಿಕೊಂಡು ಮೇಜಿನ ಮೇಲೆ ಸಾಲಾಗಿದ್ದರು. ಉಳಿದವಳು ಊರ್ಮಿಳೆ. ಕಾಡಿಗೆ ಹೋದ ಗಂಡ ಲಕ್ಷ್ಮಣ ಎಚ್ಚರವಾಗಿರಲೆಂದು ಅವನ ಪಾಲಿನ ನಿದ್ದೆಯನ್ನೂ ತಾನೇ ಮಾಡಿದವಳು.

"ನಿದ್ದೆಗಣ್ಣಲ್ಲಿ ಬರೆದೆ ಅತ್ತಿಗೆ. ಇನ್ನೊಂದು ಬರೀತೀನಿ."

"ಯಾವಾಗ? ಅವರು ಸಂಜೆಗೇ ಬರ್ತಾರೆ."

ಅವರು ಎಂದರೆ ಬೀಸಣಿಗೆ ಮಾಡಲು ಹೇಳಿದ್ದ ಅಂಗಡಿಯಾಕೆ. ಈ ಮಾದರಿ ಸೆಟ್ಟು ಒಪ್ಪಿಗೆಯಾದರೆ ಮುಂದೆ ತಿಂಗಳು ತಿಂಗಳೂ ಕೆಲಸ. ಇಲ್ಲದಿದ್ದರೆ ಅತ್ತಿಗೆಗೆ ಮತ್ತೆ ಹೇರ್‌ಕ್ಲಿಪ್ಪು ಅಂಟಿಸುವುದು, ನಾದಿನಿಗೆ ಮತ್ತೆ ಅಂಗಡಿಗಳ ಬೋರ್ಡು ಬರೆಯುವುದು. ಆಕೆ ಹಾಕಿದ್ದ ಷರತ್ತು ಒಂದೇ. ಬೀಸಣಿಗೆ ಬಿಚ್ಚಿದೊಡನೆ ಯಾರ ಕಥೆ ಎಂದು ತಿಳಿಯಬೇಕು.

ಒಳಗೆ, ಹಲ್ಲು ಬರುತ್ತಿದ್ದ ಮಗು ಮತ್ತೆ ರಾಗ ತೆಗೆಯಿತು. ಅತ್ತಿಗೆ ಎದ್ದುಹೋಗಿ ಅದನ್ನು ಹೆಗಲಿಗೆ ಹಾಕಿಕೊಂಡು ಬಂದಳು. "ಊರ್ಮಿಳೆ ಗಂಡನ ನಿದ್ದೆ ಮಾಡಿದ್ಲಂತೆ. ನಮ್ಮನೇಲಿ ಉಲ್ಟಾ. ನನ್ನ ಪಾಲಿಂದೂ ನಿನ್ನಣ್ಣನೇ ಮುಗಿಸಿಬಿಡ್ತಾರೆ. ಇದು ಕಿರುಚಿದ್ರೆ ಮಗ್ಗುಲು ಬದಲಾಯಿಸ್ತಾರೆ, ಅಷ್ಟೇ."

ನಾದಿನಿಗೆ ನಗು ಬಂತು. ನಗಲು ತ್ರಾಣವಿರಲಿಲ್ಲ.

ಅತ್ತಿಗೆ ಒಂದೇ ಕೈಯಲ್ಲಿ ಮತ್ತೆ ಅಳತೆಪಟ್ಟಿ ಇಟ್ಟಳು. "ಗೆರೆ ಎಲ್ಲಾ ಅರ್ಧ ಮಡಿಕೆಯಷ್ಟು ಸರಿಸಿದ್ರೆ ಮುಖ ಉಳಿಯುತ್ತೆ. ಎರಡೂ ತುದಿ ಸ್ವಲ್ಪ ಕತ್ತರಿಸ್ಬೇಕು."

"ಬಲತುದೀಲಿ ಲಕ್ಷ್ಮಣ ಇದ್ದಾನೆ!"

ಇದ್ದ. ಬೆರಳಗಲದ ಲಕ್ಷ್ಮಣ, ಬಿಲ್ಲು ಹಿಡಿದು, ಬಾಗಿಲಲ್ಲಿ ಬೆನ್ನು ಹಾಕಿ ನಿಂತಿದ್ದ.

"ಹೇಗೂ ಹೊರಟಿದ್ದಾನಲ್ಲ, ಹೋಗ್ಲಿ."

"ಅವನಿಲ್ದೆ ಇವಳು ಊರ್ಮಿಳೆ ಅಂತ ಯಾರಿಗೆ ಗೊತ್ತಾಗುತ್ತೆ ಅತ್ತಿಗೆ? ಯಾರೋ ಹೆಂಗಸು ಮಲಗಿದ್ದಾಳೆ ಅಂದ್ಕೋತಾರೆ."

"ಅಂದ್ಕೊಳ್ಳಲಿ ಬಿಡು. ಯಾರೋ ಒಬ್ಬಳಾದ್ರೂ ಮಲಗಿದ್ಲಲ್ಲ." ಮಗುವನ್ನು ನಾದಿನಿಯ ಮಡಿಲಿಗೆ ದಾಟಿಸಿ ಅತ್ತಿಗೆ ಕತ್ತರಿ ತೆಗೆದುಕೊಂಡಳು.

ಸಂಜೆ ಅಂಗಡಿಯಾಕೆ ಬಂದಾಗ ಅತ್ತಿಗೆ ಗೋಡೆಗೊರಗಿ, ಕೂತಲ್ಲೇ ನಿದ್ದೆಹೋಗಿದ್ದಳು. ಬಾಯಿ ತುಸು ತೆರೆದಿತ್ತು. ಬೆರಳುಗಳ ಮೇಲೆ ಅಂಟು ಒಣಗಿ ಸಿಪ್ಪೆಯೆದ್ದಿತ್ತು. ಅಂಗಡಿಯಾಕೆ ಒಂದೊಂದೇ ಬೀಸಣಿಗೆ ಬಿಚ್ಚಿ ತಲೆಯಾಡಿಸುತ್ತಾ ಬಂದವಳು ಕೊನೆಯದಕ್ಕೆ ಹುಬ್ಬು ಗಂಟಿಕ್ಕಿದಳು. "ಇದ್ಯಾರು?"

ಮಗುವನ್ನು ತಟ್ಟುತ್ತಾ ನಿಂತಿದ್ದ ನಾದಿನಿ ಮೇಜಿನ ಹತ್ತಿರ ಬಂದಳು. ಅಷ್ಟರಲ್ಲಿ ಅಂಗಡಿಯಾಕೆಯ ಕಣ್ಣು ಗೋಡೆಗೊರಗಿದ್ದ ಅತ್ತಿಗೆಯ ಕಡೆ ಹೋಯಿತು. ಬೀಸಣಿಗೆಯನ್ನು ನೋಡಿದಳು, ಮತ್ತೆ ಗೋಡೆಯ ಕಡೆ ನೋಡಿದಳು. ಯಾವ ಕಥೆ ಎಂದು ಕೇಳಲಿಲ್ಲ. ಟಪ್ಪೆಂದು ಸದ್ದಾಗದಂತೆ ಒಂದೊಂದೇ ಕಡ್ಡಿ ಜೋಡಿಸಿ ಮುಚ್ಚಿದಳು.

"ಪಾಪ, ಎಬ್ಬಿಸ್ಬೇಡಮ್ಮ," ಎಂದಳು ದನಿ ತಗ್ಗಿಸಿ. "ಇಂಥ ಮಲಗಿದವಳೇ ಇನ್ನೂ ಐವತ್ತು ಬೇಕು. ಈ ವಾರದೊಳಗೆ. ಎದ್ದ ಮೇಲೆ ಹೇಳು."