ಎಂಟು ಡಿಗ್ರಿಯ ಎಮ್ಮೆ

ಆಯುಧಪೂಜೆ ಮುಗಿದ ನಾಲ್ಕನೇ ದಿನವೂ ಲೆನ್ಸಿನ ಮೇಲೆ ಗುಳಿ ಬಿದ್ದಿತು. ಸ್ವರ್ಣಲತಾ ಅದನ್ನು ದೀಪಕ್ಕೆ ಹಿಡಿದು, ವಾರೆ ಮಾಡಿ ಎಣಿಸಿದಳು. ಸಾಸಿವೆಗಿಂತ ಸಣ್ಣವು, ಹನ್ನೊಂದು. ನಿನ್ನೆ ಒಂಬತ್ತಿದ್ದವು.

ಹಾಸನದ ಕೈಗಾರಿಕಾ ಪ್ರದೇಶದ ಆ ಪುಟ್ಟ ಕಾರ್ಖಾನೆಯಲ್ಲಿ ಕನ್ನಡಕದ ಲೆನ್ಸಿಗೆ ಗೀರು ಬೀಳದಂತೆ ಲೇಪಿಸುವ ಲ್ಯಾಕರಿನ ತೊಟ್ಟಿ ಅವಳ ಸುಪರ್ದಿನಲ್ಲಿತ್ತು. ಕೆಮಿಸ್ಟ್ರಿ ಎಂ.ಎಸ್ಸಿ. ಓದಿದವಳು. ಹದಿನೆಂಟು ಲೀಟರ್ ಲ್ಯಾಕರನ್ನು ಎರಡು ವರ್ಷ ಎಂಟು ತಿಂಗಳಿಂದ ಎಂಟು ಡಿಗ್ರಿ ತಂಪಿನಲ್ಲಿ ಕಾಪಾಡಿಕೊಂಡು ಬಂದಿದ್ದಳು. ದಿನಕ್ಕೆರಡು ಸಲ ಅದು ಎಷ್ಟು ಮಂದವಾಗಿದೆ ಎಂದು ಅಳೆಯಬೇಕು, ಆರಿಹೋದಷ್ಟು ಸ್ಪಿರಿಟ್ ಬೆರೆಸಬೇಕು, ಫಿಲ್ಟರ್ ಬದಲಿಸಬೇಕು. ಭಾನುವಾರವೂ ಒಮ್ಮೆ ಬಂದು ನೋಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಕೋಣೆ ಒರೆಸುವ ಲಕ್ಕಮ್ಮ ಆ ತೊಟ್ಟಿಗೆ ಇಟ್ಟಿದ್ದ ಹೆಸರು ‘ನಿನ್ ಎಮ್ಮೆ’.

ಮಾಲೀಕ ಅನಿಲ್‌ಕುಮಾರ್ ಬೆಳಿಗ್ಗೆಯೇ ಹೇಳಿ ಹೋಗಿದ್ದರು: “ಲ್ಯಾಕರ್ ಕೆಟ್ಟಿದೆ ಕಣಮ್ಮ. ನಾಲ್ಕು ಗಂಟೆಗೆ ತೊಟ್ಟಿ ಖಾಲಿ ಮಾಡಿಸಿಬಿಡ್ತೀನಿ.”

ಅಳತೆ ಸರಿಯಿತ್ತು, ತಂಪು ಸರಿಯಿತ್ತು, ಫಿಲ್ಟರ್ ಹೊಸದು. ಉಳಿದಿದ್ದು ಒಂದೇ ಅನುಮಾನ. ಅದು ಬಕೆಟ್ ಹಿಡಿದುಕೊಂಡು ಬಾಗಿಲ ಬಳಿ ನಿಂತಿತ್ತು. ಪೂಜೆಯ ದಿನ ಕಾರ್ಖಾನೆಯ ಯಂತ್ರಗಳೆಲ್ಲ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಮುಡಿದು, ಗಂಧದ ಕಡ್ಡಿಯ ಹೊಗೆ ಕುಡಿದು ಕೂತಿದ್ದವು. ಲ್ಯಾಕರಿನ ಕೋಣೆಗೆ ಮಾತ್ರ ಸ್ವರ್ಣಲತಾ ಬೀಗ ಜಡಿದಿದ್ದಳು. ಲಕ್ಕಮ್ಮನಿಗೆ ಅದು ಸಂಕಟವಾಗಿತ್ತು. “ಎಲ್ಲಾ ಮಿಸನ್ನಿಗೂ ಪೂಜೆ ಆಯ್ತು. ನಿನ್ ಎಮ್ಮೆ ಏನ್ ಪಾಪ ಮಾಡಿತ್ತವ್ವ?” ಎಂದು ಕೇಳಿದ್ದಳು. ಮಾರನೇ ದಿನದಿಂದಲೇ ಗುಳಿ ಶುರುವಾಗಿತ್ತು.

“ನಿಜ ಹೇಳಿ ಲಕ್ಕಮ್ಮ. ಒಂದು ಚಿಟಿಕೆ ಕುಂಕುಮ ಏನಾದರೂ...”

“ನಿನ್ ಎಮ್ಮೆ ಆಣೆಗೂ ಇಲ್ಲ ಕಣವ್ವ. ಬಾಗ್ಲು ತಾವೇ ನಿಂತ್ಕಂಡು ಕೈ ಮುಗುದ್ಬುಟ್ಟು ಓದೆ. ಕೈ ಮುಗುದ್ರೆ ತೂತು ಬಿದ್ದಾತಾ?”

“ಎಣ್ಣೆ?”

“ತಲೆಗೆ ಟೋಪಿ ಆಕ್ಸಿದ್ದೀಯಲ್ಲ! ಕೊಬ್ರಿ ಎಣ್ಣೆ ಅದ್ರೊಳಗೇ ಕಾದು ವಗ್ಗರಣೆ ಆಯ್ತಾ ಅದೆ.”

ದಿನವೂ ಬಾಗಿಲಲ್ಲಿ ಲಕ್ಕಮ್ಮನ ತಪಾಸಣೆ ಇದ್ದೇ ಇತ್ತು. ಗೊರೂರು ಬಸ್ಸಿಳಿದು ಬಂದವಳು ಮುಡಿದ ಹೂವನ್ನು ತೆಗೆದು ಹೊರಗಿನ ಮೊಳೆಗೆ ಸಿಕ್ಕಿಸಬೇಕು, ಟೋಪಿ ಹಾಕಬೇಕು. ಆಮೇಲೆ ಸ್ವರ್ಣಲತಾ “ಕೈ ತೋರಿಸಿ” ಎಂದಾಗ ಎರಡೂ ಅಂಗೈ ಚಾಚಬೇಕು.

ಇದು ಬಾಯಿಮಾತಿನಲ್ಲಿ ಬಗೆಹರಿಯುವುದಿಲ್ಲ ಎಂದುಕೊಂಡು ಸ್ವರ್ಣಲತಾ ಒಟ್ಟಿಗೆ ತೊಳೆದ ಎರಡು ಲೆನ್ಸ್ ಆರಿಸಿದಳು. ಒಂದರ ಹಿಡಿಕೆಗೆ ‘ಲ’ ಎಂದೂ ಇನ್ನೊಂದಕ್ಕೆ ‘ಸ್ವ’ ಎಂದೂ ಚೀಟಿ ಅಂಟಿಸಿದಳು. ‘ಲ’ವನ್ನು ಲಕ್ಕಮ್ಮನ ಕೈಯಿಂದಲೇ ತೂಗುಹಾಕಿಸಿದಳು. ಆಗ ತಾನೇ ಹುಟ್ಟಿದ ಕರುವನ್ನು ಮುಟ್ಟುವಂತೆ ಮುಟ್ಟಿ ಲಕ್ಕಮ್ಮ ಅದನ್ನು ಸಿಕ್ಕಿಸಿದಳು. ‘ಸ್ವ’ವನ್ನು ಸ್ವರ್ಣಲತಾ ತಾನೇ ಸಿಕ್ಕಿಸಿದಳು. ಎರಡೂ ಲ್ಯಾಕರಿನಲ್ಲಿ ಮುಳುಗಿ, ನಿಧಾನವಾಗಿ ಮೇಲೆದ್ದು, ಒಲೆಯ ಗೂಡಿನಲ್ಲಿ ಬೆಚ್ಚಗಾಗಿ ಹೊರಗೆ ಬಂದಾಗ ಮೂರೂ ಮುಕ್ಕಾಲು.

‘ಲ’ ಗಾಳಿಯಿಲ್ಲದ ಹೊತ್ತಿನ ಕೆರೆಯಂತಿತ್ತು. ‘ಸ್ವ’ದಲ್ಲಿ ಹದಿನಾಲ್ಕು ಗುಳಿ. ಸ್ವರ್ಣಲತಾ ಚೀಟಿಗಳನ್ನು ಇನ್ನೊಮ್ಮೆ ಓದಿದಳು. ಅದಲುಬದಲಾಗಿರಲಿಲ್ಲ.

“ಯಾರ್ದವ್ವ ಚೆನ್ನಾಗಿರಾದು?”

“...ನಿಮ್ಮದು.”

ಲಕ್ಕಮ್ಮ ಬಕೆಟ್ ಕೆಳಗಿಟ್ಟಳು. “ಎಲ್ಲಿ, ಕೈ ತೋರ್ಸು,” ಎಂದು ಸ್ವರ್ಣಲತಾಳ ಕೈಗವಸು ಎಳೆದು, ಮಣಿಕಟ್ಟು ಹಿಡಿದು ಮೂಸಿದಳು. “ನಿಂಬೇಅಣ್ಣು ಗಮ್ ಅಂತದಲ್ಲ! ಚಿತ್ರಾನ್ನ ತಂದಿದ್ದಾ?”

ಸ್ವರ್ಣಲತಾ ಬೆಳಿಗ್ಗೆ ತಿಂದಿದ್ದು ಇಡ್ಲಿ. ಅವಳ ಕಣ್ಣು ಕಿಟಕಿಯಾಚೆ ಹೋಯಿತು. ಬೇವಿನ ಮರದ ಕೆಳಗೆ ಅವಳ ಸ್ಕೂಟರ್ ಫಳಫಳ ಹೊಳೆಯುತ್ತಿತ್ತು. ಪೂಜೆಯ ದಿನ ಅದನ್ನು ತೊಳೆದು, ಹ್ಯಾಂಡಲ್‌ನಿಂದ ಸೀಟಿನವರೆಗೆ ನಿಂಬೆ ಪರಿಮಳದ ಪಾಲಿಶ್ ಸಿಂಪಡಿಸಿ ಉಜ್ಜಿದ್ದು ತಾನೇ. ಅದರಲ್ಲಿರುವುದು ಹೊಳಪು ಕೊಡುವ ಸಿಲಿಕೋನ್, ಅದರ ಸೋಂಕು ತಗುಲಿದಲ್ಲೆಲ್ಲ ಲೇಪ ಗುಳಿ ಬೀಳುತ್ತದೆ! ಲ್ಯಾಕರಿನ ಹತ್ತಿರ ಸುಳಿಯಲೇಬಾರದ ವಸ್ತು ಎಂದು ಕೈಪಿಡಿಯ ಮೊದಲ ಪುಟದಲ್ಲೇ ಇದ್ದ ಆ ಹೆಸರಿನ ಕೆಳಗೆ ಅವಳೇ ಕೆಂಪು ಗೆರೆ ಎಳೆದಿದ್ದಳು. ಕುಂಕುಮಕ್ಕೆ ಬೀಗ ಹಾಕಿದವಳು ನಾಲ್ಕು ದಿನದಿಂದ ಆ ಹ್ಯಾಂಡಲ್ ಹಿಡಿದು ಬಂದು, ಸಿಲಿಕೋನನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದಿದ್ದಳು. ಅದೇ ಕೈಯಿಂದ ಕೈಗವಸು ಹಾಕಿಕೊಂಡಿದ್ದಳು.

ಅಷ್ಟರಲ್ಲಿ ಅನಿಲ್‌ಕುಮಾರ್ ಎರಡು ಖಾಲಿ ಕ್ಯಾನ್ ಹಿಡಿದು ಬಂದರು. “ಏನಮ್ಮ, ಬಸಿಯೋಣ್ವಾ?”

“ಬೇಡ ಸಾರ್. ಲ್ಯಾಕರ್ ಚೆನ್ನಾಗಿದೆ. ಕೆಟ್ಟಿರೋದು ನಾನು.”

ಅವರು ಎರಡೂ ಲೆನ್ಸ್ ನೋಡಿದರು. ನಡೆದದ್ದನ್ನು ಕೇಳಿ ಸ್ಕೂಟರನ್ನೂ ನೋಡಿದರು. ನಗು ತಡೆಯಲಾರದೆ ಕ್ಯಾನುಗಳನ್ನು ತಟತಟ ಬಡಿಯುತ್ತಾ ವಾಪಸು ಹೋದರು.

ಮರುದಿನ ಸ್ವರ್ಣಲತಾ ಸಿಟಿ ಬಸ್ಸಿನಲ್ಲಿ ಬಂದಳು. ಲಕ್ಕಮ್ಮ ಆಗಲೇ ಹೂವನ್ನು ಮೊಳೆಗೆ ಸಿಕ್ಕಿಸಿ, ಟೋಪಿ ಹಾಕಿಕೊಂಡು, ಸೋಪಿನ ಡಬ್ಬಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

“ನಿಲ್ಲು. ಕೈ.”

ಸ್ವರ್ಣಲತಾ ಎರಡೂ ಅಂಗೈ ಚಾಚಿದಳು. ಲಕ್ಕಮ್ಮ ಬಗ್ಗಿ, ಅವಸರವಿಲ್ಲದೆ, ಒಂದೊಂದನ್ನೇ ಮೂಸಿದಳು.

“ಇನ್ನೊಂದ್ ಕಿತ ತೊಳ್ಕಂಬಾರವ್ವ,” ಎಂದಳು. “ಎಮ್ಮೆ ಒದ್ದಾತು.”